ಹಿಂದೆ ನಿಂತು ಕುಪ್ಪಳಿಸುವವನು

ರಾಜ ಅಳುತ್ತಿದ್ದಾನೆ. ಅವನ ಒಬ್ಬನೇ ಮಗ ಸತ್ತಿದ್ದಾನೆ, ರಾಜ್ಯದಲ್ಲಿ ಸೂರ್ಯ ಹುಟ್ಟಿ ಎಷ್ಟೋ ಕಾಲವಾಗಿದೆ. ಕಿರೀಟ ಬಿಚ್ಚಿಟ್ಟು ಸಿಂಹಾಸನದ ಮೆಟ್ಟಿಲ ಮೇಲೆ ಕೂತಿದ್ದಾನೆ. ಎಲ್ಲೋ ಮರೆಯಲ್ಲಿ ಕೂತು ಯಾರೋ ಕರುಳು ಕಿತ್ತು ಬರುವ ಹಾಗೆ ಪಿಟೀಲು ಕುಯ್ಯುತ್ತಿದ್ದಾರೆ. ಎದುರಿಗೆ ನಾನು, ಕತ್ತಿಯ ಹಿಡಿಯ ಮೇಲೆ ಕೈಯಿಟ್ಟು, ತಲೆ ತಗ್ಗಿಸಿ ನಿಂತಿದ್ದೇನೆ. ನನ್ನ ಬೆನ್ನ ಹಿಂದೆ ಬಿಲ್ಲುಗಾರನೊಬ್ಬ ಕುಪ್ಪಳಿಸುತ್ತಿದ್ದಾನೆ. ಒಂದು ಸಲ ಕಂಬದ ಪಕ್ಕ, ಒಂದು ಸಲ ಸಿಂಹಾಸನದ ಹತ್ತಿರ, ಒಂದು ಸಲ ಸತ್ತ ರಾಜಕುಮಾರನ ಹೆಣದ ಮೇಲೇ.

ಆ ಬಿಲ್ಲುಗಾರ ನನ್ನ ತಮ್ಮ ಗಿರಿ. ನಿಜವಾದ ಗಿರಿ ನನ್ನ ಪಕ್ಕದಲ್ಲಿ ಚಾಪೆಯ ಮೇಲೆ ಎರಡನೇ ರಿಮೋಟ್ ಹಿಡಿದು ಕೂತು, ಆ ಕುಪ್ಪಳಿಕೆಗೂ ತನಗೂ ಸಂಬಂಧವೇ ಇಲ್ಲವೆಂಬಂತೆ ಟಿವಿ ನೋಡುತ್ತಿರುತ್ತಾನೆ.

“ಲೇ, ರಾಜ ಅಳ್ತಾ ಅವ್ನೆ. ಒಂದ್ ನಿಮಿಷ ಸುಮ್ನೆ ನಿಂತ್ಕೊಳ್ಳೋ.”

“ನಾನೇನಕ್ಕಾ ಮಾಡ್ಲಿ? ನಂಗೇನಾದ್ರೂ ಡೈಲಾಗ್ ಕೊಟ್ಟವ್ರಾ?”

ಸಣ್ಣ ಪ್ರಶ್ನೆ. ಆದರೆ ಸೊಪ್ಪಿನ ಮೂಟೆಯೊಳಗೆ ಸೇರಿಕೊಂಡ ಕೆಂಜಿಗದ ಹಾಗೆ ಅದು ನನ್ನ ಜೊತೆಗೇ ಮನೆಯೊಳಗೆ ಬಂದು, ಹೊತ್ತಲ್ಲದ ಹೊತ್ತಿನಲ್ಲಿ ಕಚ್ಚುತ್ತದೆ. ಕಥೆ ಒಬ್ಬನದು, ಆಡುವವರು ಇಬ್ಬರು. ಹಾಗಾದರೆ ಎರಡನೆಯವನಿಗೆ ಅಲ್ಲಿ ಏನು ಕೆಲಸ?

ಇದನ್ನು ವಿಚಾರ ಮಾಡಲು ನನ್ನ ಯೋಗ್ಯತೆಯೇನು ಎಂದು ಮೊದಲೇ ಹೇಳಿಬಿಡುತ್ತೇನೆ. ಕೋಲಾರ ಜಿಲ್ಲೆಯ ಹೋಳೂರಿನ ಕಡೆಯ ಒಂದು ಹಳ್ಳಿಯಲ್ಲಿ ರೇಷ್ಮೆಹುಳ ಸಾಕುವ ಹೆಂಗಸು ನಾನು. ಓದಿದ್ದು ಎಂಟನೇ ಕ್ಲಾಸಿನವರೆಗೆ. ಎಂಟನೆಯದನ್ನು ಓದಿದೆ ಎನ್ನುವುದಕ್ಕಿಂತ ಅದರೊಳಗೆ ಸ್ವಲ್ಪ ಕಾಲ ಕೂತಿದ್ದೆ ಎನ್ನುವುದೇ ಸರಿ. ಕನ್ನಡವನ್ನೇನೋ ಬೋಂಡ ಕಟ್ಟಿಕೊಟ್ಟ ಕಾಗದವನ್ನೂ ಬಿಡದೆ ಓದುತ್ತೇನೆ. ಇಂಗ್ಲಿಷಿನ ವಿಷಯ ಹಾಗಲ್ಲ. ಅದರ ಅಕ್ಷರಗಳು ಒಂಟಿಯಾಗಿ ಸಿಕ್ಕರೆ ಪರಿಚಯದವೇ. ಗುಂಪು ಕಟ್ಟಿಕೊಂಡು ನಿಂತರೆ ಮಾತ್ರ ಏನು ಪಿತೂರಿ ನಡೆಸುತ್ತಿವೆ ಎಂದು ಗೊತ್ತಾಗುವುದಿಲ್ಲ.

ಇಂಥವಳ ಮನೆಗೆ ಟಿವಿಗೆ ಸಿಕ್ಕಿಸಿ ಆಡುವ ವಿಡಿಯೋ ಆಟದ ಪೆಟ್ಟಿಗೆ ಬಂದದ್ದು ಗಿರಿಯಿಂದ. ಅವನು ಮಾಲೂರಿನ ಒಂದು ಕಾರ್ಖಾನೆಯಲ್ಲಿ ಪಾಳಿಯ ಮೇಲೆ ಕೆಲಸ ಮಾಡುತ್ತಾನೆ, ಸ್ನೇಹಿತರ ಜೊತೆ ಅಲ್ಲೇ ಒಂದು ಕೋಣೆಯಲ್ಲಿರುತ್ತಾನೆ. ಕೋಣೆಯ ಹುಡುಗನೊಬ್ಬ ಊರು ಬಿಡುವಾಗ ತನ್ನ ಹಳೆಯ ಪೆಟ್ಟಿಗೆಯನ್ನು ಇವನ ತಲೆಗೆ ಕಟ್ಟಿದ. ಕೋಣೆಯಲ್ಲಿ ಟಿವಿ ಇರಲಿಲ್ಲ, ನಮ್ಮ ಮನೆಯಲ್ಲಿ ಇತ್ತು. ಅಕ್ಕನ ಮೇಲಿನ ಪ್ರೀತಿಯಿಂದ ತಮ್ಮ ರಜೆಗೆಲ್ಲ ಬರುತ್ತಾನೆ ಎಂದು ಊರವರು ಹೇಳುತ್ತಾರೆ. ಟಿವಿಯ ಅಳತೆ ಅವರಿಗೆ ಗೊತ್ತಿಲ್ಲ.

ಮೊದಮೊದಲು ನಾನು ಬಾಗಿಲಲ್ಲಿ ನಿಂತು ನೋಡಿದೆ. ಆಮೇಲೆ ಕೂತು ನೋಡಿದೆ. ಆಮೇಲೆ “ಕೊಡೋ ಇಲ್ಲಿ, ಆ ರಿಮೋಟ್ ಎಂಗೆ ಅಂತ ನೋಡಣ” ಎಂದೆ.

“ರಿಮೋಟ್ ಅಲ್ಲಕ್ಕಾ, ಕಂಟ್ರೋಲರ್.”

“ಈ ಮನೇಗೆ ಕಂಟ್ರೋಲರ್ ನಾನು. ಅದು ರಿಮೋಟೇ.”

ಅಂದಿನಿಂದ ಮೊದಲನೇ ರಿಮೋಟ್ ನನ್ನದಾಯಿತು.

ಗುಂಡು ಹಾರಿಸುವ ಆಟಗಳು ಬೇರೆ. ಅಲ್ಲಿ ಎಷ್ಟು ಜನ ಬೇಕಾದರೂ ಸೇರಬಹುದು, ಮದುವೆಮನೆಯ ಊಟದ ಪಂಕ್ತಿಯ ಹಾಗೆ. ಇದು ಕಥೆಯ ಆಟ. ನೀವು ಒಬ್ಬ ವೀರನಾಗುತ್ತೀರಿ. ಸೂರ್ಯನಿಲ್ಲದ ದೇಶದಲ್ಲಿ ಬೆಂಕಿ ಹೊತ್ತುಕೊಂಡು ಬೆಟ್ಟದ ತುದಿಗೆ ಹೋಗಬೇಕು. ದಾರಿಯಲ್ಲಿ ಸಿಕ್ಕವರ ಜೊತೆ ಮಾತಾಡಬೇಕು. ಅವರು ಏನೋ ಕೇಳುತ್ತಾರೆ, ಕೆಳಗೆ ಮೂರು ಸಾಲು ಉತ್ತರ ಮೂಡುತ್ತದೆ, ಒಂದನ್ನು ಆರಿಸಿ ಒತ್ತಬೇಕು. ನೀವು ಒತ್ತಿದಂತೆ ಕಥೆ ತಿರುಗುತ್ತದೆ. ಒತ್ತಿದ ಮೇಲೆ ಮುಗಿಯಿತು, ಆಟ ತನ್ನಷ್ಟಕ್ಕೆ ತಾನೇ ಎಲ್ಲವನ್ನೂ ಉಳಿಸಿಕೊಳ್ಳುತ್ತದೆ, ಆರಿಸಿದ್ದನ್ನು ಹಿಂದಕ್ಕೆ ಪಡೆಯಲಾಗದು. ಆಟ ಮಾಡಿದವರು ದೊಡ್ಡ ಮನಸ್ಸು ಮಾಡಿ ಎರಡನೇ ರಿಮೋಟಿಗೂ ಜಾಗ ಕೊಟ್ಟಿದ್ದಾರೆ. ಎರಡನೆಯವನು ಹೊಡೆದಾಡಬಹುದು, ಗಂಟು ಹೊರಬಹುದು, ವೀರನ ಬದಲು ಏಟು ತಿನ್ನಬಹುದು. ಮಾತಿನ ಹೊತ್ತು ಬಂದರೆ ಮಾತ್ರ ಅವನಿಗೆ ನಾಲಿಗೆಯಿಲ್ಲ, ಆರಿಸುವ ಹಕ್ಕಂತೂ ಇಲ್ಲವೇ ಇಲ್ಲ. ಅವನ ಪಾಲಿಗೆ ಉಳಿಯುವುದು ಒಂದೇ ಗುಂಡಿ: ನೆಗೆಯುವ ಗುಂಡಿ.

ಗಿರಿಯ ಬಿಲ್ಲುಗಾರ ಮೋಟುದ್ದ ಇದ್ದ. ಗಿರಿ ಅವನ ತಲೆಗೊಂದು ಕೆಂಪು ರುಮಾಲು ಸುತ್ತಿಸಿ, ಗಿಡ್ಡಪ್ಪ ಎಂದು ಹೆಸರಿಟ್ಟಿದ್ದ.

ನಾವು ಆಡುತ್ತಿದ್ದ ದಿನವನ್ನು ಗೊತ್ತುಮಾಡುತ್ತಿದ್ದದ್ದು ನಾವಲ್ಲ, ಹುಳ. ರೇಷ್ಮೆಹುಳ ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ಜ್ವರಕ್ಕೆ ಕೂರುವುದು ಎನ್ನುತ್ತೇವೆ. ಉಳಿದ ದಿನವೆಲ್ಲ ಅದರ ಬಾಯಿಗೆ ಸೊಪ್ಪು ಸುರಿದು ಸುರಿದು ಸೊಂಟ ಬಿದ್ದುಹೋಗಿರುತ್ತದೆ. ಜ್ವರಕ್ಕೆ ಕೂತಾಗ ಮಾತ್ರ ತಿನ್ನುವುದಿಲ್ಲ. ತಲೆ ಎತ್ತಿಕೊಂಡು, ತಪಸ್ಸಿಗೆ ಕೂತ ಋಷಿಯ ಹಾಗೆ ಅಲುಗಾಡದೆ ಇರುತ್ತದೆ. ಸುಣ್ಣದ ಪುಡಿ ಎರಚಿ ಬಾಗಿಲು ಮುಂದೆ ಮಾಡಿದರೆ ಆ ಹಗಲು ನಮ್ಮದು. ಗಿರಿ ಮಾಲೂರಿನಿಂದ ಫೋನು ಮಾಡಿದಾಗ ಊಟವಾಯಿತಾ, ಆರೋಗ್ಯವಾ ಎಂದೆಲ್ಲ ಕೇಳುವುದಿಲ್ಲ. “ಹುಳ ಜ್ವರಕ್ಕೆ ಕೂತ್ವಾ?” ಎನ್ನುತ್ತಾನೆ. ಕೂತಿದೆ ಎಂದರೆ ರಜೆ ಹೊಂದಿಸಿಕೊಂಡು ಬರುತ್ತಾನೆ. ಪ್ರಪಂಚದಲ್ಲಿ ಬೇರೆ ಯಾರೂ ಜ್ವರದ ಸುದ್ದಿ ಕೇಳಿ ಇಷ್ಟು ಖುಷಿಪಟ್ಟಿರಲಾರರು.

ಆಟದ ಜನರೆಲ್ಲ ಇಂಗ್ಲಿಷಿನವರು. ಗಿರಿ ಓದಿ ನನಗೆ ಹೇಳುತ್ತಿದ್ದ. ಹೇಳುತ್ತಿದ್ದ ಎನ್ನುವುದು ಸಾಲದು, ಆಡಿ ತೋರಿಸುತ್ತಿದ್ದ. ಕೆಟ್ಟವರೆಲ್ಲ ತೆಲುಗಿನಲ್ಲಿ ಬೈಯುತ್ತಿದ್ದರು, “ಎವರ್ರಾ ನುವ್ವು?”, ಯಾರೋ ನೀನು, ಎಂದು. ನಮ್ಮ ಮನೆಯಲ್ಲಿಯೂ ಕೋಪಕ್ಕೆ ತೆಲುಗೇ ಆದ್ದರಿಂದ ನನಗೆ ಅದು ಸಹಜವಾಗಿ ಕಂಡಿತು. ಕತ್ತಿ ಮಾರುವ ವ್ಯಾಪಾರಿ ಶ್ರೀನಿವಾಸಪುರದ ಮಾವಿನ ಮಂಡಿಯ ದಲ್ಲಾಳಿಯ ಹಾಗೆ ಟವೆಲಿನಡಿ ಬೆರಳು ಹಿಡಿದು ಬೆಲೆ ಮಾತಾಡುತ್ತಿದ್ದ. ಬೆಟ್ಟ ಹತ್ತುವಾಗ ಎದುರಾಗುವ ಮುದುಕಿ, ಆವನಿ ಬೆಟ್ಟದ ಮೆಟ್ಟಿಲ ಮೇಲೆ ಕೂತು ಏದುಸಿರು ಬಿಡುವ ನಮ್ಮ ದೊಡ್ಡತ್ತೆಯೇ. ಅಳುವ ರಾಜನಿಗೆ ಮಗ ಸತ್ತ ದುಃಖದ ಜೊತೆ ಟೊಮೇಟೊ ಬೆಲೆ ಬಿದ್ದ ದುಃಖವೂ ಇತ್ತು. ನಾನು ಎಲ್ಲವನ್ನೂ ನಂಬಿದ್ದೆ. ಆಟ ಮಾಡಿದ ಪರದೇಶದವರಿಗೆ ನಮ್ಮ ಟೊಮೇಟೊ ಬೆಲೆ ಹೇಗೆ ಗೊತ್ತಾಯಿತು ಎಂದು ಆಶ್ಚರ್ಯಪಟ್ಟಿದ್ದೆ, ಅಷ್ಟೆ.

ಇಂತಿರುವಾಗ ಒಂದು ರಜೆಗೆ ಗಿರಿಯ ಜೊತೆ ಕೋಣೆಯ ವೆಂಕಟೇಶನೂ ಬಂದ. ಆಟಗಳ ವಿಷಯದಲ್ಲಿ ಅವನು ಮಡಿವಂತ. ನಮ್ಮ ಆಟ ನೋಡಿ, ಗಿಡ್ಡಪ್ಪ ಹೆಣದ ಮೇಲೆ ಕುಪ್ಪಳಿಸಿದ್ದನ್ನೂ ನೋಡಿ, ದೇವರ ಕೋಣೆಗೆ ಯಾರೋ ಚಪ್ಪಲಿ ಹಾಕಿಕೊಂಡು ನುಗ್ಗಿದ್ದನ್ನು ಕಂಡವರಂತೆ ಮುಖ ಮಾಡಿದ.

“ಇದೇನ್ ಗಿರೀ, ಕಥೆ ಆಟ ಕಣೋ ಇದು. ಒಬ್ನೇ ಕೂತ್ಕೊಂಡು, ಬಾಗ್ಲಾಕ್ಕೊಂಡು ಅನುಭವಿಸ್ಬೇಕು. ಇಬ್ರು ಸೇರ್ಕೊಂಡ್ರೆ ಕಥೆ ಎಲ್ಲಿರ್ತದೆ? ಬರೀ ಸಂತೆ.”

“ಸಂತೇಲಿ ಕಥೆ ಇರಲ್ಲ ಅಂದೋರ್ಯಾರಪ್ಪಾ?” ಎಂದು ನಾನು ಕೇಳಿದೆ. ಆದರೆ ಒಳಗೇ ಅವನ ಮಾತು ನನಗೆ ನಾಟಿತ್ತು. ಯಾಕೆಂದರೆ ನಾನು ಜೋಡಿಗೂಡು ನೋಡಿದವಳು.

ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳವನ್ನು ಚಂದ್ರಿಕೆಯೆಂಬ ಬಿದಿರಿನ ತಟ್ಟೆಯ ಮೇಲೆ ಬಿಟ್ಟಾಗ ಒಂದೊಂದೂ ತನ್ನ ಜಾಗ ಹುಡುಕಿಕೊಂಡು ತನ್ನ ಸುತ್ತ ತಾನೇ ನೂಲು ಸುತ್ತಿಕೊಳ್ಳಬೇಕು. ಜಾಗ ಇಕ್ಕಟ್ಟಾದರೆ ಕೆಲವು ಸಲ ಎರಡು ಹುಳ ಸೇರಿಕೊಂಡು ಒಂದೇ ಗೂಡು ಕಟ್ಟಿಬಿಡುತ್ತವೆ. ಗೂಡು ದಪ್ಪಗೆ, ಗಟ್ಟಿಯಾಗಿ, ನೋಡಲು ಭರ್ಜರಿ. ಆದರೆ ನೂಲು ತೆಗೆಯಲು ಹೋದರೆ ಬರುವುದಿಲ್ಲ. ಎರಡು ಎಳೆ ಒಂದಕ್ಕೊಂದು ಸುತ್ತಿಕೊಂಡು ಎಲ್ಲಿ ಎಳೆದರೂ ಗಂಟು. ಮಾರುಕಟ್ಟೆಯಲ್ಲಿ ನೂಲು ಬಿಚ್ಚುವವರು ಗೂಡಿನ ರಾಶಿಗೆ ಕೈ ಹಾಕುತ್ತಲೇ ಅದನ್ನು ಆರಿಸಿ ಪಕ್ಕಕ್ಕೆಸೆಯುತ್ತಾರೆ. ವೆಂಕಟೇಶ ಹೇಳಿದ್ದೂ ಅದನ್ನೇ. ಒಂದು ಕಥೆಯೊಳಗೆ ಇಬ್ಬರು ಕೂತರೆ ಎಳೆ ಬಿಚ್ಚುವುದಿಲ್ಲ.

ಅದಕ್ಕೆದುರು ನನ್ನಲ್ಲಿ ಒಂದು ವಾದವೂ ಇತ್ತು, ಅಪ್ಪನಿಂದ ಬಂದದ್ದು. ಅಪ್ಪ ನಮ್ಮೂರ ಕೇಳಿಕೆ ಮೇಳದಲ್ಲಿ, ಅಂದರೆ ಬಯಲಾಟದಲ್ಲಿ, ಸಾರಥಿಯ ವೇಷ ಹಾಕುತ್ತಿದ್ದ. ಕೇಳಿಕೆ ನೋಡಿದವರಿಗೆ ಗೊತ್ತು, ರಾಜ ಎದೆಯ ಮೇಲೆ ಗುರಾಣಿಯಂಥ ಪದಕ ಕಟ್ಟಿಕೊಂಡು, ಭುಜಕೀರ್ತಿ ಬಡಿದುಕೊಂಡು, ರಂಗಸ್ಥಳ ಅದುರುವ ಹಾಗೆ ಬಂದು ನಿಲ್ಲುತ್ತಾನೆ. ಆದರೆ ಸಾರಥಿ ಬಂದು “ತಾವು ಯಾರು, ಯಾವ ದೇಶ?” ಎಂದು ಕೇಳುವವರೆಗೆ ತನ್ನ ಹೆಸರು ಹೇಳುವಂತಿಲ್ಲ. ಅಪ್ಪ ಒಂದೊಂದು ಸಲ ಬೇಕೆಂದೇ ತಡಮಾಡುತ್ತಿದ್ದ. ರಾಜ ಮೀಸೆ ತಿರುವಿ ತಿರುವಿ ಸುಸ್ತಾಗುತ್ತಿದ್ದ. ಅಪ್ಪ ಬೀಡಿ ಮುಗಿಸಿ ಬಂದು, “ಇದ್ಯಾರಪ್ಪಾ, ದಾರಿ ತಪ್ಪಿ ಬಂದ ಗಂಗೆತ್ತಿನ ಹಂಗೆ ಕಾಣ್ತಾನೆ” ಎನ್ನುತ್ತಿದ್ದ. ಜನ ಬರುತ್ತಿದ್ದದ್ದು ರಾಜನ ಕಥೆಗಲ್ಲ, ಅಪ್ಪನ ಕೀಟಲೆಗೆ. ಕಥೆ ರಾಜನದೇ ಆದರೂ ಅದರ ಬೀಗದ ಕೈ ಪಕ್ಕದಲ್ಲಿ ನಿಂತವನ ಸೊಂಟದಲ್ಲಿತ್ತು.

ಅಂಥ ಅಪ್ಪನ ಮಗನಿಗೆ ನಾನು ನಾಲಿಗೆಯಿಲ್ಲದ ರಿಮೋಟ್ ಕೊಟ್ಟು ಕೂರಿಸಿದ್ದೆ.

ಅವನು ಕೇಳಲಿಲ್ಲವೆಂದಲ್ಲ. “ಒಂದ್ ಸಲ ಮೊದಲನೇದು ನಂಗೆ ಕೊಡಕ್ಕಾ” ಎಂದು ಆಗಾಗ ಕೇಳುತ್ತಿದ್ದ. ಆಗೆಲ್ಲ ನನ್ನ ಬಳಿ ಒಂದು ಬ್ರಹ್ಮಾಸ್ತ್ರವಿತ್ತು. “ನಿನ್ನ ಸಾಕೋದಕ್ಕೆ ನಾನು ಸ್ಕೂಲೇ ಬಿಟ್ಟೆ ಕಣೋ. ಒಂದು ರಿಮೋಟ್‌ಗೂ ಯೋಗ್ಯತೆ ಇಲ್ವಾ ನಂಗೆ?”

ಅವನು ಎರಡನೆಯದನ್ನೇ ಎತ್ತಿಕೊಳ್ಳುತ್ತಿದ್ದ.

ಇದು ನಮ್ಮ ಊರಿಗೆಲ್ಲ ಗೊತ್ತಿರುವ ಕಥೆ. ಅಮ್ಮ ತೀರಿಕೊಂಡಾಗ ಗಿರಿ ಇನ್ನೂ ತೊದಲು ಮಾತಾಡುವ ಕೂಸು. ನಾನು ಎಂಟನೇ ಕ್ಲಾಸು. ಕೂಸನ್ನು ನೋಡಿಕೊಳ್ಳಲು ಓದು ಬಿಟ್ಟ ಅಕ್ಕ ಎಂದು ಮದುವೆ ಮುಂಜಿಗಳಲ್ಲಿ ನನ್ನನ್ನು ತೋರಿಸಿ ಹೇಳುತ್ತಾರೆ, ಹೆಂಗಸರು ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಾರೆ, ನನಗೆ ಎರಡನೇ ಸಲ ಹೋಳಿಗೆ ಬಡಿಸುತ್ತಾರೆ. ನಾನು ತಲೆ ತಗ್ಗಿಸಿ ತಿನ್ನುತ್ತೇನೆ. ನಿಜ ಏನೆಂದರೆ, ನನಗೆ ಭಾಗಾಕಾರ ಬರುತ್ತಿರಲಿಲ್ಲ. ಏಳನೇ ಕ್ಲಾಸಿಗೆ ವಾಪಸ್ ಹೋಗಿ ಚಿಕ್ಕ ಹುಡುಗರ ಜೊತೆ ಕೂತುಕೋ ಎಂದು ಮೇಷ್ಟ್ರು ಹೇಳಿದ್ದರು. ಅಮ್ಮ ಹೋದ ಮೇಲೆ ಅಪ್ಪ ಹೆದರುತ್ತಾ ಹೆದರುತ್ತಾ, “ಗಿರೀನ ನಮ್ಮಕ್ಕ ಬಂದು ನೋಡ್ಕೊತಾಳಂತೆ. ನೀನು ಸ್ಕೂಲಿಗೆ ಹೋಗಮ್ಮ” ಎಂದ. “ಬೇಡಪ್ಪ, ನಾನೇ ನೋಡ್ಕೊತೀನಿ” ಎಂದೆ. ಅಪ್ಪ ಅತ್ತ. ನಾನು ಅಮ್ಮನಿಗಾಗಿ ಅತ್ತೆ, ಅದು ಸುಳ್ಳಲ್ಲ. ಆದರೆ ಭಾಗಾಕಾರ ತಪ್ಪಿತು ಎಂಬ ಸಂತೋಷ ಆ ಅಳುವಿನ ಹಿಂದೆಯೇ ನಿಂತು ಕುಪ್ಪಳಿಸುತ್ತಿತ್ತು.

ಹೋಳಿಗೆಯೇನೋ ಜೀರ್ಣವಾಗುತ್ತದೆ. ಅಪ್ಪನಿಗೆ ಹೇಳಿದ ಆ ಮಾತು ಇವತ್ತಿಗೂ ಜೀರ್ಣವಾಗಿಲ್ಲ.

ಈಗ ನನ್ನ ಹೊಸ ಪಾಪಕ್ಕೆ ಬರುತ್ತೇನೆ. ಕಾರ್ತಿಕದ ಬೆಳೆಯಲ್ಲಿ ಹುಳ ನಾಲ್ಕನೇ ಜ್ವರಕ್ಕೆ ಕೂತಿತು. ಗಿರಿಗೆ ರಜೆ ಸಿಗಲಿಲ್ಲ. “ನಾನ್ ಬರೋವರ್ಗೂ ಮುಟ್ಬೇಡಕ್ಕಾ, ಬೆಟ್ಟದ ಬಾಗ್ಲು ಹತ್ರ ಇದ್ದೀವಿ” ಎಂದ. “ಮುಟ್ಟಲ್ಲ ಹೋಗೋ” ಎಂದೆ. ಹೇಳುವಾಗ ನಿಜವಾಗಿಯೂ ಮುಟ್ಟಬಾರದೆಂದೇ ಇದ್ದೆ. ಆದರೆ ನಾಲ್ಕನೇ ಜ್ವರ ಎಲ್ಲಕ್ಕಿಂತ ದೊಡ್ಡ ಬಿಡುವು. ಅದು ಕಳೆದರೆ ಹುಳಕ್ಕೆ ರಾಕ್ಷಸರ ಹಸಿವು, ಗೂಡು ಕಟ್ಟುವವರೆಗೂ ಉಸಿರಾಡಲು ಪುರಸೊತ್ತಿಲ್ಲ. ನಮ್ಮ ಯಜಮಾನರು ಮುಳಬಾಗಿಲಿಗೆ ಹೋಗಿದ್ದರು. ಮನೆ ಖಾಲಿ. ಪೆಟ್ಟಿಗೆ ನನ್ನನ್ನೇ ನೋಡುತ್ತಿತ್ತು. ಸ್ವಲ್ಪ ಅಡ್ಡಾಡಿ ಬರೋಣ, ಕಥೆ ಮುಂದಕ್ಕೆ ಒಯ್ಯುವುದು ಬೇಡ ಎಂದು ಹಾಕಿದೆ. ಕಳ್ಳು ಕುಡಿಯುವವರೂ ಹಾಗೆಯೇ ಅಂದುಕೊಂಡು ಹೊರಡುತ್ತಾರೆಂದು ಕಾಣುತ್ತದೆ.

ಎರಡನೇ ರಿಮೋಟ್ ಯಾರೂ ಹಿಡಿಯದಿದ್ದರೆ ಗಿಡ್ಡಪ್ಪನನ್ನು ಪೆಟ್ಟಿಗೆಯೇ ನಡೆಸುತ್ತದೆ. ಅವನು ನನ್ನ ಹಿಂದೆ ಹೆಜ್ಜೆಗೆ ಹೆಜ್ಜೆ ಇಟ್ಟು ಬಂದ. ನಾನು ನಿಂತರೆ ನಿಂತ. ಯಾರ ಜೊತೆ ಮಾತಾಡಲು ಹೋದರೂ ಕೈಕಟ್ಟಿ, ಒಳ್ಳೆಯ ಮನೆತನದ ಅಳಿಯನ ಹಾಗೆ ಪಕ್ಕಕ್ಕೆ ಸರಿದು ನಿಂತ. ಒಂದೇ ಒಂದು ಸಲ ನೆಗೆಯಲಿಲ್ಲ. ಮೊದಲ ಬಾರಿಗೆ ಕಥೆ ಗಂಭೀರವಾಗಿ, ವೆಂಕಟೇಶ ಮೆಚ್ಚುವ ಹಾಗೆ ನಡೆಯಿತು. ನಾನು ಬೇಕೆಂದೇ ಹಿಂದಕ್ಕೆ ನಡೆದು ರಾಜನ ಬಳಿಗೆ ಹೋದೆ. ರಾಜ ಇಂಗ್ಲಿಷಿನಲ್ಲಿ ಅತ್ತ. ಟೊಮೇಟೊ ಅನ್ನುವ ಶಬ್ದ ಅದರಲ್ಲಿ ಎಲ್ಲೂ ಕೇಳಿಸಲಿಲ್ಲ. ಅಷ್ಟು ದಿನ ನಾನು ಆಡಿದ್ದು ಆಟದವರ ಕಥೆಯಲ್ಲ, ನನ್ನ ತಮ್ಮನ ಕಥೆ ಎಂದು ಆಗ ಗೊತ್ತಾಯಿತು. ಸುಂದರವಾದ ದೇಶ, ದೊಡ್ಡ ದೊಡ್ಡ ಕಂಬ, ಪಿಟೀಲು, ಎಲ್ಲ ಇತ್ತು. ಯಾರೂ ಇಲ್ಲದ ಛತ್ರದಲ್ಲಿ ಒಬ್ಬಳೇ ಎಲೆ ಹಾಕಿಕೊಂಡು ಕೂತ ಹಾಗಿತ್ತು.

ಅಲ್ಲಿಗಾದರೂ ನಿಲ್ಲಿಸಬೇಕಿತ್ತು. ಬೆಟ್ಟದ ಬಾಗಿಲ ಹತ್ತಿರ ಹೋದೆ. ಬಾಗಿಲು ಕಾಯುವ ಮುದುಕ ಏನೋ ಬಹಳ ಹೊತ್ತು ಹೇಳಿದ, ಕೈ ತೋರಿಸಿದ, ತಲೆಯಾಡಿಸಿದ. ಕೆಳಗೆ ಮೂರು ಸಾಲು ಮೂಡಿದವು. ಗಿರಿ ಅವಸರದಲ್ಲಿದ್ದಾಗ “ಮೊದಲನೇದು ಒತ್ತಕ್ಕಾ, ಅದೇ ಮರ್ಯಾದಸ್ಥ ಮಾತು” ಎನ್ನುತ್ತಿದ್ದ. ನಾನು ಅದನ್ನು ಬಲಗಾಲಿಟ್ಟು ಒಳಗೆ ಬಾ ಎಂಬಂಥ ಶಾಸ್ತ್ರವೆಂದುಕೊಂಡಿದ್ದೆ. ಮೊದಲನೆಯದನ್ನು ಒತ್ತಿದೆ.

ಬಾಗಿಲು ತೆರೆಯಿತು. ನಾನು ಒಳಗೆ ಹೋದೆ. ಗಿಡ್ಡಪ್ಪ ಬರಲಿಲ್ಲ. ತಿರುಗಿ ನೋಡಿದರೆ ಅವನು ಹೊಸ್ತಿಲಾಚೆ ಬಿಲ್ಲು ಕೆಳಗಿಟ್ಟು, ಮಂಡಿಯೂರಿ ಕೂತಿದ್ದಾನೆ. ಪಾದದಿಂದ ಮೇಲಕ್ಕೆ ಕಲ್ಲಾಗುತ್ತಾ ಬಂದ. ಕೆಂಪು ರುಮಾಲು ಕೊನೆಗೆ ಬೂದಿ ಬಣ್ಣಕ್ಕೆ ತಿರುಗಿತು. ಜೊತೆಗಾರನನ್ನು ಬಾಗಿಲಿಗೆ ಬಲಿ ಕೊಡಲು ನಾನು ಒಪ್ಪಿಬಿಟ್ಟಿದ್ದೆ. ಬಾಗಿಲು ಮುಚ್ಚಿತು. ಮೂಲೆಯಲ್ಲಿ ಸಣ್ಣ ಚಕ್ರವೊಂದು ತಿರುಗಿ, ಆಟ ತನ್ನಷ್ಟಕ್ಕೆ ತಾನು ಎಲ್ಲವನ್ನೂ ಉಳಿಸಿಕೊಂಡಿತು.

ಕಳ್ಳತನ ಮಾಡಿದವರು ಊರು ಬಿಡುತ್ತಾರೆ. ನಾನು ಟಿವಿಯ ವೈರು ಕಿತ್ತೆ. ಗಿರಿ ಬಂದಾಗ ಟಿವಿ ಕೆಟ್ಟಿದೆ ಎಂದೆ. ಇನ್ನೊಂದು ಸಲ ನನಗೆ ತಲೆನೋವು. ಮತ್ತೊಂದು ಸಲ ಅವನನ್ನು ಹಿಪ್ಪುನೇರಳೆ ಕಡ್ಡಿ ಕತ್ತರಿಸಲು ತೋಟಕ್ಕೆ ಅಟ್ಟಿದೆ. ಯಜಮಾನರು ಮಾತ್ರ ವಾರ್ತೆಗೆ ಗತಿಯಿಲ್ಲದೆ ಪಕ್ಕದ ಮನೆಯ ಕಿಟಕಿಯಲ್ಲಿ ನಿಂತು ದೇಶದ ಆಗುಹೋಗು ತಿಳಿದುಕೊಳ್ಳುತ್ತಿದ್ದರು. ನನಗಿದ್ದ ಭಯ ಗಿರಿ ಬೈಯುತ್ತಾನೆಂದಲ್ಲ. ಅವನು ಬೈಯುವವನೇ ಅಲ್ಲ, ನಾನು ಹಾಗೆ ಬೆಳೆಸಿಲ್ಲ. ಆಟವಿಲ್ಲದ ರಜೆಯಲ್ಲಿ ಅವನು ಬಂದು, ಗೋಡೆಗೊರಗಿ ಕೂತು, ನಾನು ಹೇಳಿದ್ದಕ್ಕೆಲ್ಲ ಹೂಂ ಅಂದು ಬಸ್ಸಿಗೆ ಹೋಗುತ್ತಿದ್ದ. ನಮ್ಮಿಬ್ಬರ ನಡುವೆ ಹಿಂದಿನಿಂದಲೂ ಇದ್ದದ್ದು ಅಷ್ಟೇ. ನನ್ನ ಅಪ್ಪಣೆ, ಅವನ ಹೂಂ. ಅವನು ನನ್ನನ್ನು ಕೀಟಲೆ ಮಾಡುವುದು, ನಗಿಸುವುದು, ನಾನು ಹೇಳಿದ್ದಕ್ಕೆ ಎದುರಾಗಿ ನೆಗೆಯುವುದು ಆ ಚಾಪೆಯ ಮೇಲೆ ಮಾತ್ರ. ಆ ಚಾಪೆಯನ್ನೇ ನಾನು ಸುತ್ತಿಟ್ಟಿದ್ದೆ. ಹೀಗೇ ಆದರೆ ಒಂದು ದಿನ ಇವನು ಬರುವುದನ್ನೇ ನಿಲ್ಲಿಸುತ್ತಾನೆ ಎಂಬುದೇ ನನ್ನ ಭಯ.

ತಪ್ಪು ಮಾಡಿದ ಕೋಲಾರದ ಹೆಂಗಸು ಅವರೆಕಾಯಿಯ ಕಾಲದಲ್ಲಿ ಏನು ಮಾಡುತ್ತಾಳೆ? ಕಾಳು ನೆನೆಸಿ, ಒಂದೊಂದನ್ನೇ ಹಿತುಕಿ, ಸಿಪ್ಪೆ ಹಾರಿಸಿ, ಹಿತಕಬೇಳೆ ಸಾರು ಮಾಡುತ್ತಾಳೆ. ಬೆರಳು ಸುಕ್ಕಾಗುವವರೆಗೆ ಹಿತುಕಿದೆ. ಗಿರಿ ಬಂದು ಮುದ್ದೆಯ ಮುಂದೆ ಕೂತು, ಸಾರಿನ ವಾಸನೆ ಹಿಡಿದು, ನನ್ನ ಮುಖ ನೋಡಿದ.

“ಏನಕ್ಕಾ ಇದು, ಹಬ್ಬ ಇಲ್ಲ ಹುಣ್ಣಿಮೆ ಇಲ್ಲ, ಹಿತಕಬೇಳೆ? ಯಾರ್ ಸತ್ರು?”

“ಗಿಡ್ಡಪ್ಪ” ಎಂದೆ.

ಮುದ್ದೆ ಮುರಿದ ಕೈ ಸಾರಿನ ಮೇಲೆಯೇ ನಿಂತಿತು. ಎಲ್ಲವನ್ನೂ ಹೇಳಿದೆ. ಮುಟ್ಟಲ್ಲ ಎಂದು ಮುಟ್ಟಿದ್ದು, ಬಾಗಿಲು, ಮೊದಲನೇ ಸಾಲು, ಟಿವಿಯ ವೈರು, ತಲೆನೋವು. ಯಜಮಾನರು ಅಡುಗೆಮನೆಯಿಂದಲೇ “ಟಿವಿ ಕೆಟ್ಟಿರ್ಲಿಲ್ವಾ?” ಎಂದು ಕೂಗಿದರು. ಗಿರಿ ಎದ್ದು ಕೈ ತೊಳೆದು, ವೈರು ಸಿಕ್ಕಿಸಿ, ಪೆಟ್ಟಿಗೆ ಹಾಕಿದ. ಬೆಟ್ಟದ ಒಳಗೆ ನನ್ನ ವೀರ ಒಬ್ಬನೇ ನಿಂತಿದ್ದ. ಹಿಂದೆ ಮುಚ್ಚಿದ ಬಾಗಿಲು. ಗಿರಿ ಎರಡನೇ ರಿಮೋಟ್ ಎತ್ತಿ ನೆಗೆಯುವ ಗುಂಡಿ ಒತ್ತಿದ. ಏನೂ ಆಗಲಿಲ್ಲ. ಇನ್ನೊಂದು ಸಲ ಒತ್ತಿದ. ಆಮೇಲೆ ರಿಮೋಟನ್ನು ಮೆಲ್ಲಗೆ ಕೆಳಗಿಟ್ಟ.

“ಹೋಗ್ಲಿ ಬಿಡಕ್ಕಾ” ಎಂದ. “ನಂಗೋಸ್ಕರ ನೀನು ಓದೇ ಬಿಟ್ಟೋಳು. ನಾನೊಬ್ಬ ಗಿಡ್ಡಪ್ಪನ್ನ ಬಿಡಕ್ಕಾಗಲ್ವಾ?”

ಬೈದಿದ್ದರೆ ಉಳಿದುಕೊಳ್ಳುತ್ತಿದ್ದೆ. ಚಲಾವಣೆಯಿಲ್ಲದ ನೋಟು ಕೊಟ್ಟು ಇಷ್ಟು ವರ್ಷ ಸಾಮಾನು ಕೊಂಡವಳು ನಾನು. ಈಗ ಅವನು ಅದೇ ನೋಟಿಗೆ ಕ್ಷಮೆಯನ್ನೂ ಕಟ್ಟಿಕೊಡುತ್ತಿದ್ದಾನೆ. ತೆಗೆದುಕೊಳ್ಳಲು ಕೈ ಬರಲಿಲ್ಲ.

“ನಿಂಗೋಸ್ಕರ ಅಲ್ಲ ಕಣೋ ಬಿಟ್ಟಿದ್ದು.”

“ಮತ್ತೆ?”

“ಭಾಗಾಕಾರ.”

“ಏನ್ ಭಾಗಾಕಾರ?”

“ಬರ್ತಿರ್ಲಿಲ್ಲ. ಏಳನೇ ಕ್ಲಾಸಲ್ಲಿ ಕೂತ್ಕೋ ಅಂದ್ರು ಮೇಷ್ಟ್ರು. ನಿನ್ನ ನೋಡ್ಕೊಳ್ಳೋಕೆ ಅತ್ತೆ ಬರೋಳಿದ್ಲು. ಅಪ್ಪ ಹೋಗು ಅಂದ. ನಾನೇ ಹೋಗ್ಲಿಲ್ಲ.”

ಗಿರಿ ನನ್ನನ್ನೇ ನೋಡಿದ.

“ಅಂದ್ರೆ ಇಷ್ಟ್ ವರ್ಷ ನಾನು ಎರಡನೇ ರಿಮೋಟ್ ಹಿಡ್ದಿದ್ದು ಭಾಗಾಕಾರಕ್ಕಾ?”

ಅವನು ನಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, “ಬರ್ತೀನಿ” ಎಂದು ಯಜಮಾನರಿಗೆ ಹೇಳಿ, ಸಾರನ್ನು ಹಾಗೆಯೇ ಬಿಟ್ಟು ಬಸ್ಸಿಗೆ ಹೋದ. ಹಿತಕಬೇಳೆ ಸಾರು ಬಿಟ್ಟು ಹೋದ ಕೋಲಾರದವನು ಎಷ್ಟು ನೊಂದಿದ್ದಾನೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಮುಂದಿನ ರಜೆಗೆ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಹೊಸ ಬೆಳೆಯ ಹುಳ ಬಂತು. ಒಂದನೇ ಜ್ವರಕ್ಕೆ ಕೂತು ಎದ್ದಿತು, ಎರಡನೆಯದಕ್ಕೆ ಕೂತು ಎದ್ದಿತು. ಬಿಡುವಿನ ಹಗಲುಗಳಲ್ಲಿ ನಾನು ಪೆಟ್ಟಿಗೆಯ ಮೇಲಿನ ಧೂಳು ಒರೆಸಿದೆ, ಹಾಕಲಿಲ್ಲ. ಹೊತ್ತು ಹೋಗದೆ, ಹಳೆಯ ಬೆಳೆಯಲ್ಲಿ ಉಳಿದಿದ್ದ ಒಂದು ಜೋಡಿಗೂಡನ್ನು ಬಿಸಿನೀರಿಗೆ ಹಾಕಿ ಬಿಚ್ಚಲು ನೋಡಿದೆ. ಬಿಚ್ಚಲಿಲ್ಲ. ಎಲ್ಲಿ ಎಳೆದರೂ ಗಂಟು, ಎಷ್ಟು ಎಳೆದರೂ ಹರಿಯಲೊಲ್ಲದು. ಇಂಥ ಗೂಡಿನಿಂದಲೂ ಒರಟು ನೂಲು ತೆಗೆದು ಬಟ್ಟೆ ನೇಯುವವರಿದ್ದಾರೆ. ಆ ಬಟ್ಟೆಯ ಮೈಮೇಲೆ ಅಲ್ಲಲ್ಲಿ ಗಂಟು ಉಬ್ಬಿರುತ್ತದೆ, ಪೇಟೆಯವರು ಅದನ್ನೇ ಸೊಗಸೆಂದು ಕೇಳಿ ಕೊಳ್ಳುತ್ತಾರೆ. ವೆಂಕಟೇಶನಿಗೆ ಅಂದು ಇದನ್ನು ಹೇಳಬೇಕಿತ್ತು. ಒಳ್ಳೆಯ ಉತ್ತರಗಳು ನನಗೆ ಯಾವಾಗಲೂ ಬಸ್ಸು ಹೋದ ಮೇಲೆ ಬರುತ್ತವೆ.

ಒಂದು ಬೆಳಿಗ್ಗೆ ಸೊಪ್ಪು ಕತ್ತರಿಸುತ್ತಿದ್ದಾಗ ಫೋನು ಬಂತು. ಆ ಕಡೆ ರೈಲಿನ ಸದ್ದು.

“ಹುಳ ಜ್ವರಕ್ಕೆ ಕೂತ್ವಾ?”

ಕೂತಿರಲಿಲ್ಲ. ಇನ್ನೂ ಒಂದು ದಿನವಿತ್ತು. “ಕೂತ್ವು ಕಣೋ” ಎಂದೆ. ಸುಳ್ಳು ಬಿಡುವುದು ಅಷ್ಟು ಸುಲಭವಲ್ಲ. ಅಂದು ಯಜಮಾನರು ಒಬ್ಬರೇ ಸೊಪ್ಪು ಹಾಕಿದರು. ಯಾಕೆಂದು ಕೇಳಿದ್ದಕ್ಕೆ, “ನೀವಿಬ್ರು ಆಡ್ಕೊಂಡಿದ್ರೆ ಟಿವಿ ಕೆಡಲ್ಲ, ನಂಗೂ ವಾರ್ತೆ ಸಿಕ್ತದೆ” ಎಂದರು.

ಗಿರಿ ಬಂದ. ಚಾಪೆ ಹಾಸಿದ. ಪೆಟ್ಟಿಗೆ ಹಾಕಿ, ಹಳೆಯ ಕಥೆಯನ್ನು ಅಳಿಸಿ, ಮೊದಲಿನಿಂದ ಶುರುಮಾಡಿದ. ಮೊದಲನೇ ರಿಮೋಟನ್ನು ನಾನು ಕೊಡಲಿ ಎಂದು ಕಾಯಲಿಲ್ಲ, ತಾನೇ ತೆಗೆದುಕೊಂಡ. ಎರಡನೆಯದನ್ನು ನನ್ನ ಕಡೆಗೆ ತಳ್ಳಿದ. ಅವನ ವೀರ ಈಗ ಆಳೆತ್ತರ, ಭುಜಕ್ಕೆ ಕರಡಿ ಚರ್ಮ. ನನಗಾಗಿ ಅವನೇ ಆರಿಸಿ ಇಟ್ಟಿದ್ದ ಬಿಲ್ಲುಗಾತಿ ಮೋಟುದ್ದ. ತಲೆಗೆ ಕೆಂಪು ರುಮಾಲು. ಹೆಸರು ಭಾಗಮ್ಮ. ಭಾಗಾಕಾರವನ್ನು ಅವನು ಜನ್ಮದಲ್ಲಿ ಬಿಡುವುದಿಲ್ಲವೆಂದು ಆಗಲೇ ತಿಳಿಯಿತು, ಎದೆ ಹಗುರವಾಯಿತು.

ಕಥೆಯ ಆಟದಲ್ಲಿ ಇಬ್ಬರಿರಬೇಕೆ ಎಂಬ ಪ್ರಶ್ನೆಗೆ ಈಗ ನಾನು ಬೇರೆ ಜಾಗದಲ್ಲಿ ನಿಂತು ಉತ್ತರ ಹೇಳಬಲ್ಲೆ. ಬೇಕು. ಆದರೆ ರಿಮೋಟು ಆಗಾಗ ಕೈ ಬದಲಾಗಬೇಕು. ಮೊದಲನೆಯದನ್ನೇ ಹಿಡಿದು ಕೂತವರಿಗೆ, ಪಕ್ಕದವನು ಯಾಕೆ ಹಾಗೆ ಕುಪ್ಪಳಿಸುತ್ತಾನೆ ಎಂದು ಸಾಯುವವರೆಗೂ ಗೊತ್ತಾಗುವುದಿಲ್ಲ. ನಾನು ಅದನ್ನು ಹುಡುಗಾಟ ಅಂದುಕೊಂಡಿದ್ದೆ. ತಿಳಿದವರಾದರೆ ವಿರೋಧ ಎನ್ನಬಹುದು, ವೆಂಕಟೇಶನಾದರೆ ಅಪಚಾರ ಎನ್ನುತ್ತಾನೆ. ಅದು ಯಾವುದೂ ಅಲ್ಲ.

ನಿನ್ನೆ ರಾಜನ ಸಭೆಗೆ ಬಂದೆವು. ಅದೇ ಮೆಟ್ಟಿಲು, ಅದೇ ಪಿಟೀಲು. ಗಿರಿಯ ವೀರ ತಲೆ ತಗ್ಗಿಸಿ ನಿಂತ. ರಾಜ ಬಾಯಿ ತೆರೆದ. ಗಿರಿಯ ದನಿಯಲ್ಲಿ ಟೊಮೇಟೊ ಬೆಲೆ ಇನ್ನೂ ಕುಸಿದಿತ್ತು. ನಾನು ಕೈಕಟ್ಟಿ ನಿಂತಿದ್ದೆ. ನಿಜವಾಗಿಯೂ ಸುಮ್ಮನೆ ನಿಂತಿರಬೇಕೆಂದೇ ಇದ್ದೆ. ಸ್ವಲ್ಪ ಹೊತ್ತಾದ ಮೇಲೆ ಹೆಬ್ಬೆಟ್ಟು ತಾನೇ ತಾನಾಗಿ ಆ ಗುಂಡಿಯನ್ನು ಹುಡುಕಿಕೊಂಡಿತು.

“ಅಕ್ಕಾ, ರಾಜ ಅಳ್ತಾ ಅವ್ನೆ. ಸುಮ್ನೆ ನಿಂತ್ಕೋ.”

“ಇರೋ, ನಿನ್ ಕರಡಿ ಚರ್ಮ ಅಡ್ಡ ಬರ್ತದೆ” ಎಂದೆ.

ಹಿಂದೆ ನಿಂತ ಮೋಟುದ್ದದವರಿಗೆ ರಾಜ ಕಾಣಿಸುವುದು ನೆಗೆದಾಗ ಮಾತ್ರ.